ಹಿತ್ತಿಲ ಕಡೆ ಕೈಚಾಚಿ ಮಾಡಿದ ಪ್ರಾರ್ಥನೆ

ಕಾನಸೂರಿಗೆ ಬಂದ ಮರುದಿನವೇ ನನ್ನ ಕಾಲಿನಿಂದ ರಕ್ತ ಇಳಿಯತೊಡಗಿತು. ನೋವೇ ಇರಲಿಲ್ಲ. ಸೈತಾನನ ಮೊದಲ ಏಟು ಇದೇ ಎಂದುಕೊಂಡು ಯೇಸುವಿನ ಹೆಸರು ಕೂಗುತ್ತ ಬಾಗಿಲಲ್ಲೇ ಕುಸಿದೆ. ಮನೆಯೊಡತಿ ಗಂಗಕ್ಕ ಬೆರಳ ತುದಿಯಲ್ಲಿ ಸುಣ್ಣ ತಂದು ಹಚ್ಚಿದರು. ರಕ್ತ ಹೀರಿ ಉಬ್ಬಿದ ಕಪ್ಪು ಹುಳುವೊಂದು ಕಳಚಿ ಬಿತ್ತು. ಇಲ್ಲಿನವರು ಅದನ್ನು ಉಂಬಳ ಎನ್ನುತ್ತಾರೆ. ನಮ್ಮ ಬೀದರಿನ ಒಣನೆಲದಲ್ಲಿ ನಾನು ಅದನ್ನು ಕಂಡೇ ಇರಲಿಲ್ಲ.

ಆಗ ತೊಂಬತ್ತರ ದಶಕ ಮುಗಿಯುತ್ತಿತ್ತು. ಊರಿನ ಆರೋಗ್ಯ ಉಪಕೇಂದ್ರಕ್ಕೆ ನರ್ಸ್ ಆಗಿ ಬಂದಿದ್ದೆ. ಹೊರಡುವ ಮುನ್ನ ನಮ್ಮ ಸಭೆಯ ಪಾಸ್ಟರ್ ತಲೆಯ ಮೇಲೆ ಕೈಯಿಟ್ಟು, ನೀನು ಹೋಗುತ್ತಿರುವುದು ಕೆಲಸಕ್ಕಲ್ಲ, ಯುದ್ಧಕ್ಕೆ, ಆ ಕಾಡಿನೂರುಗಳನ್ನು ಕತ್ತಲೆಯ ಶಕ್ತಿಗಳು ಹಿಡಿದುಕೊಂಡಿವೆ ಎಂದಿದ್ದರು. ಮದುವೆ ಮುರಿದು ತವರಲ್ಲಿ ಕುಳಿತಿದ್ದವಳು ನಾನು. ದೇವರಿಗೂ ನನ್ನಿಂದ ಏನೋ ಬೇಕಾಗಿದೆ ಎಂದು ಅಂದು ಮೊದಲ ಬಾರಿ ಅನ್ನಿಸಿತ್ತು.

ಗಂಗಕ್ಕನ ಹಿತ್ತಿಲಲ್ಲಿ, ಮರದಡಿ, ಚೌಡಿಯ ಕಲ್ಲಿತ್ತು. ಚೌಡಿಯೆಂದರೆ ಮನೆ, ಗದ್ದೆ ಕಾಯುವ ದೇವತೆ. ನನ್ನ ಶತ್ರು ಅಲ್ಲೇ ಇದೆಯೆಂದು ನಿಶ್ಚಯಿಸಿದೆ. ದಿನವೂ ಬೆಳಿಗ್ಗೆ ಕಿಟಕಿ ತೆರೆದು, ಆ ಕಡೆ ಕೈಚಾಚಿ, ಈ ಮನೆ ಬಿಟ್ಟು ತೊಲಗು ಎಂದು ಪಿಸುದನಿಯಲ್ಲಿ ಗದರಿಸುತ್ತಿದ್ದೆ. ಆಮೇಲೆ ಗಂಗಕ್ಕ ಕೊಟ್ಟ ಗಂಜಿ ಕುಡಿದು ಕೆಲಸಕ್ಕೆ ಹೋಗುತ್ತಿದ್ದೆ.

ಮೂರು ಹೊತ್ತೂ ಅನ್ನ. ರೊಟ್ಟಿಯ ನೆನಪಾದರೆ ಅಳು ಬರುತ್ತಿತ್ತು. ಅದು ತಿಳಿದು ಗಂಗಕ್ಕ ಶಿರಸಿ ಸಂತೆಯಿಂದ ಜೋಳ ತರಿಸಿದರು. ನಾನು ರೊಟ್ಟಿ ಬಡಿಯುವ ಸದ್ದಿಗೆ ಅವರ ಸೊಸೆ ಸುಮಿತ್ರಾ ನಗುತ್ತಿದ್ದಳು. ‘ಎಂತ’ ಎಂದರೆ ‘ಏನು’ ಎಂದು ನನಗೆ ಕಲಿಸಿದವಳೂ ಅವಳೇ.

ಮರುವರ್ಷ ಸುಮಿತ್ರಾಗೆ ದಿನ ತುಂಬುವ ಮೊದಲೇ ರಕ್ತಸ್ರಾವ ಶುರುವಾಯಿತು. ಶಿರಸಿಗೆ ಒಯ್ಯಲು ಜೀಪಿಗೆ ಹೇಳಿ ಕಳಿಸಿ, ನಾಡಿ ಹಿಡಿದು ಕುಳಿತೆ. ಗಂಗಕ್ಕ ನನ್ನ ಪಕ್ಕ ಕೂತರು.

“ದಿನಾ ಬೆಳಿಗ್ಗೆ ನಮ್ಮನೆಗೆ ಅಂತ ಪ್ರಾರ್ಥನೆ ಮಾಡ್ತೀಯಲ್ಲ ತಂಗಿ, ಚೌಡಮ್ಮನ ಕಡೆ ಕೈ ಮಾಡಿ. ನಾ ನೋಡಿದ್ದೆ. ಈಗ್ಲೂ ಒಂಚೂರು ಮಾಡು.”

ಕಲಿತ ಯುದ್ಧದ ಮಾತು ಒಂದೂ ಬರಲಿಲ್ಲ. ಕರ್ತನೇ, ಇವಳನ್ನು ಉಳಿಸು ಎಂದಷ್ಟೇ ಬೇಡಿದೆ. ಪಕ್ಕದಲ್ಲಿ ಗಂಗಕ್ಕ ಚೌಡಿಗೆ ಹರಕೆ ಹೊತ್ತರು. ಜೀಪು ಬಂತು. ಆಸ್ಪತ್ರೆಯಲ್ಲಿ ತಾಯಿ, ಮಗು ಇಬ್ಬರೂ ಉಳಿದರು.

ಕ್ರಿಸ್‌ಮಸ್‌ಗೆ ಬೀದರಿಗೆ ಹೋದಾಗ ಸಭೆಯ ಮುಂದೆ ನಿಂತು, ನನ್ನ ಪ್ರಾರ್ಥನೆ ಕೇಳಿ ದೇವರು ತಾಯಿ, ಮಗುವನ್ನು ಉಳಿಸಿದನೆಂದು ಸಾಕ್ಷಿ ಹೇಳಿದೆ. ಹರಕೆಯ ವಿಷಯ ಬಿಟ್ಟುಬಿಟ್ಟೆ. ಶತ್ರುವಿನ ಕೋಟೆ ಬಿತ್ತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಸ್ಟರ್ ಗಂಗಕ್ಕನ ಹೆಸರು ಹಿಡಿದು, ಆಕೆಯನ್ನು ಆಳುವ ದುರಾತ್ಮ ನಾಶವಾಗಲಿ ಎಂದು ಪ್ರಾರ್ಥಿಸಿದರು. ಜನರೊಂದಿಗೆ ನಾನೂ ಆಮೆನ್ ಎಂದೆ.

ಮರಳಿದಾಗ ಗಂಗಕ್ಕ, ನಿಮ್ಮೂರಲ್ಲಿ ನಮ್ಮ ಸುದ್ದಿ ಹೇಳಿದೆಯಾ ಎಂದು ಕೇಳಿದರು.

“ಹೇಳಿದೆ ಗಂಗಕ್ಕ. ಎಲ್ಲಾರೂ ನಿಮ್ಮ ಹೆಸರು ತಗೊಂಡು ಪ್ರಾರ್ಥನೆ ಮಾಡಿದ್ರು.”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಯುದ್ಧವಿದೆ ಎಂದು ಈಗಲೂ ನಂಬುತ್ತೇನೆ. ಅದು ಹಿತ್ತಿಲಲ್ಲಿಲ್ಲ, ಆಮೆನ್ ಎಂದ ಈ ಬಾಯಿಯೊಂದಿಗೆ ನಡೆಯಬೇಕಾದದ್ದು. ದೇವರು ನನ್ನನ್ನು ಇಲ್ಲಿಗೆ ಕಳಿಸಿದ್ದು ಅದಕ್ಕೇ ಇರಬೇಕು. ಬೀದರಿನಲ್ಲಿ ನಾನು ಗೆದ್ದು ಬಂದವಳು, ಕಾನಸೂರಿನಲ್ಲಿ ಮನೆಮಗಳು. ಎರಡೂ ಕಡೆ ನನ್ನನ್ನು ನಂಬುತ್ತಾರೆ.