ಉಪ್ಪಳದವರು ಆರಿಸಿದ ಶ್ರೇಷ್ಠ ನಟಿ

ಉಪ್ಪಳದ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ನಾನು ಮೆಷಿನ್ ಓಡಿಸುತ್ತಿದ್ದ ಕಾಲ. ಬರುತ್ತಿದ್ದುದು ತಮಿಳು ಚಿತ್ರ, ನೋಡುವವರು ತುಳುವರು. ಮದ್ರಾಸಿನಲ್ಲಿ ಮನೆಗೆಲಸ ಮಾಡಿ ಬಂದಿದ್ದ ಕಮಲಕ್ಕ ಹೆಂಗಸರ ಬದಿಯಲ್ಲಿ ಕೂತು, ಪರದೆಯ ಮಾತನ್ನೆಲ್ಲ ಗಟ್ಟಿಯಾಗಿ ತುಳುವಿನಲ್ಲಿ ಹೇಳುತ್ತಿದ್ದರು. ನಾಯಕಿ ಅತ್ತರೆ ಇವರೂ ಅಳುತ್ತಿದ್ದರು. ಆಮೇಲೆ ಇಡೀ ಡೇರೆಯೇ ಅಳುತ್ತಿತ್ತು.

ಒಮ್ಮೆ ಪಟ್ಟಣದ ಚಿತ್ರರಸಿಕರ ಸಂಘವೊಂದು, ಪ್ರೇಕ್ಷಕರ ಮತ ನೋಡಿ ಪದಕ ಕೊಡುತ್ತೇವೆಂದು ನಮಗೂ ಚೀಟಿ ಕಳಿಸಿತು. ಬರೆದ ಚೀಟಿಗಳನ್ನು ಒಯ್ಯಲು ಬಂದ ಸಂಘದ ಕಾರ್ಯದರ್ಶಿ ಅವನ್ನು ಓದಿ ಕಕ್ಕಾಬಿಕ್ಕಿಯಾದರು. 'ಶ್ರೇಷ್ಠ ನಟಿ' ಎಂಬಲ್ಲಿ ಹೆಚ್ಚಿನವರು ಬರೆದದ್ದು ಕಮಲಕ್ಕನ ಹೆಸರು.

"ಇವರು ಯಾವ ಚಿತ್ರದಲ್ಲಿದ್ದಾರೆ?"

"ಎಲ್ಲದರಲ್ಲೂ ಇದ್ದಾರೆ ಸ್ವಾಮಿ," ಅಂದೆ.

ಕಾರ್ಯದರ್ಶಿ ನಗಲಿಲ್ಲ. ಪರದೆಯ ಮೇಲೆ ಕಾಣದವರಿಗೆ ಪದಕ ಇಲ್ಲವೆಂದು, ಆ ಚೀಟಿಗಳನ್ನು ಅಲ್ಲೇ ನಿಂತಿದ್ದ ಕಮಲಕ್ಕನ ಎದುರೇ ಹರಿದುಹಾಕಿದರು.

"ಆಯ್ತು ಮಾರಾಯ್ರೆ," ಅಂದರು ಕಮಲಕ್ಕ. "ಇವತ್ತು ನಾನು ಇಲ್ಲದ ಹಾಗೆಯೇ ಕೂತುಕೊಳ್ತೇನೆ."

ಸಂಜೆಯ ಆಟಕ್ಕೆ ಬಂದ ಕಮಲಕ್ಕ ಬಾಯಿಗೆ ವೀಳ್ಯ ಹಾಕಿಕೊಂಡು ಸುಮ್ಮನೆ ಕೂತರು. ನಾಯಕಿ ಎದೆ ಬಡಿದುಕೊಂಡು ಅತ್ತಳು. ಡೇರೆಯಲ್ಲಿ ಒಬ್ಬರ ಕಣ್ಣೂ ಒದ್ದೆಯಾಗಲಿಲ್ಲ. ಹತ್ತು ನಿಮಿಷಕ್ಕೆಲ್ಲ ಜನ ನನ್ನತ್ತ ತಿರುಗಿ ಕೂಗತೊಡಗಿದರು.

"ಎಂತ ಮಾರಾಯ, ಶಬ್ದವೇ ಇಲ್ಲ! ಮೆಷಿನ್ ಸರಿ ಮಾಡು!"

ನನ್ನ ಸ್ಪೀಕರು ಆಗ ಗಂಟಲು ಹರಿಯುವಷ್ಟು ಜೋರಾಗಿ ತಮಿಳು ಮಾತಾಡುತ್ತಿತ್ತು.

ಪದಕ ಆ ನಾಯಕಿಗೇ ಹೋಯಿತಂತೆ. ಒಂದು ಸಂಜೆ ಉಪ್ಪಳದಲ್ಲಿ ಅವಳಿಗೆ ಬಾಯಿಯೇ ಇರಲಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳಿರಲಿಕ್ಕಿಲ್ಲ.