ಹೂಂಗುಟ್ಟುವವರಿಲ್ಲದ ಪದ್ಯ

ದೆವ್ವ, ಗಾಳಿ, ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವರ ಪೈಕಿ ನಾನು. ಮಾನ್ವಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಸಹೋದ್ಯೋಗಿಗಳ ಇಂಥ ಕಥೆಗಳನ್ನು ಗೇಲಿ ಮಾಡಿದ್ದೇ ಹೆಚ್ಚು. ಇದನ್ನು ಓದಿ ಈಗ ಅವರು ನನ್ನನ್ನು ಗೇಲಿ ಮಾಡಲಿ, ಬೇಜಾರಿಲ್ಲ.

ನನಗೊಂದು ಹುಚ್ಚಿದೆ. ಅಮೆರಿಕದ ಹಳೆಯ ಕವಿಗಳ ಪದ್ಯಗಳನ್ನು ಯಾರೋ ಓದಿ ರೆಕಾರ್ಡ್ ಮಾಡಿದ್ದನ್ನು ಮೊಬೈಲಿಗೆ ಇಳಿಸಿಕೊಂಡು ಕೇಳುವುದು. ಪಾಠಕ್ಕೆಂದು ಶುರುವಾದದ್ದು ಚಟವಾಯಿತು. ಅದರಲ್ಲೂ ಒಬ್ಬ ಮುದುಕನ ಗೊಗ್ಗರು ದನಿ ನನಗೆ ಬಹಳ ಇಷ್ಟ. ನನ್ನ ಹೆಂಡತಿ ನೀಲಮ್ಮ ಪಕ್ಕದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಾ, ಅವನ ಸಾಲು ಸಾಲಿಗೂ "ಹೂಂ" ಅನ್ನುತ್ತಿದ್ದಳು. ಅವಳಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ತವರೂರು ಹಿರೇಕೊಟ್ನೆಕಲ್‌ನಲ್ಲಿ ಅವಳ ಅಜ್ಜಿ ಕಥೆ ಹೇಳುವಾಗ ಯಾರಾದರೂ ಹೂಂಗುಟ್ಟಲೇಬೇಕಿತ್ತಂತೆ. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಆ ಅಭ್ಯಾಸ ಅವಳನ್ನು ಬಿಟ್ಟಿರಲಿಲ್ಲ.

ಒಂದು ದಿನ ನನಗೆ ರೇಗಿತು.

"ಏನ್ ತಿಳೀತದಂತ ಹೂಂ ಅಂತಿ? ಸುಮ್ನ ಕುಂದ್ರು."

"ಅಲ್ರಿ, ಆ ಮುದುಕ ಒಬ್ಬನ ಹೇಳಾಕತ್ತಾನ. ಹೂಂ ಅನ್ನೋರ ಇಲ್ಲಂದ್ರ ಅವಗ ಹೆಂಗ ಅನಸ್ತದ?"

"ಅದು ಮಷಿನ್. ಮಷಿನ್ನಿಗೆ ನಿನ್ನ ಹೂಂ ಬೇಕಾಗಿಲ್ಲ."

ಅವಳು ಮತ್ತೆಂದೂ ಹೂಂ ಅನ್ನಲಿಲ್ಲ. ಪದ್ಯ ಹಚ್ಚಿದರೆ ಸಾಕು, ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ತಪ್ಪಾಯಿತು ಅನ್ನಬೇಕೆಂದು ನಾಲ್ಕಾರು ಸಲ ಮಾತು ಬಾಯಿಯವರೆಗೆ ಬಂದಿತ್ತು, ಅನ್ನಲಿಲ್ಲ. ಮುಂದಿನ ಮಳೆಗಾಲದಲ್ಲಿ ಕಾಮಾಲೆಯಾಗಿ ರಾಯಚೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಅವಳು ಹೋದ ಎಂಟು ತಿಂಗಳಿಗೆ, ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ. ಕರೆಂಟ್ ಇರಲಿಲ್ಲ. ಎರಡು ದಿನದಿಂದ ಯಾರ ಜೊತೆಗೂ ನಾನು ಒಂದು ಮಾತಾಡಿರಲಿಲ್ಲ. ಆ ಮುದುಕನ ಪದ್ಯ ಹಚ್ಚಿದೆ. ಎಷ್ಟೋ ಸಲ ಕೇಳಿ ಬಾಯಿಪಾಠವಾದದ್ದು. ಮೊದಲ ಸಾಲು ಮುಗಿಯುತ್ತಲೇ ದನಿ ನಿಂತಿತು. ಕೆಟ್ಟಿತೇನೋ ಎಂದು ನೋಡಿದರೆ ಮೊಬೈಲಿನಲ್ಲಿ ಸೆಕೆಂಡುಗಳು ಓಡುತ್ತಲೇ ಇವೆ. ಕಿವಿಗೆ ಹಿಡಿದೆ. ಮುದುಕನ ಉಸಿರು ಕೇಳಿಸುತ್ತಿತ್ತು. ಅವನು ಕಾಯುತ್ತಿದ್ದ. ಇದನ್ನು ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು.

ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅಡುಗೆಮನೆಯ ಕಡೆ ನೋಡಿದೆ, ಸುಳ್ಳು ಯಾಕೆ ಹೇಳಲಿ. ಅಲ್ಲಿ ಯಾರೂ ಇರಲಿಲ್ಲ. ಕೊನೆಗೆ ನಾನೇ "ಹೂಂ" ಅಂದೆ.

ಮುದುಕ ಮುಂದಿನ ಸಾಲು ಓದಿದ. ಮತ್ತೆ ನಿಂತ. ಮತ್ತೆ ಹೂಂ ಅಂದೆ. ಪದ್ಯ ಮುಗಿಯುವವರೆಗೂ ಹೀಗೇ ನಡೆಯಿತು. ಮುಗಿದ ಮೇಲೆ ಚಾಪೆಯ ಮೇಲೆ ಕೂತು ಜೋರಾಗಿ ಅತ್ತೆ. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ.

ಮರುದಿನ ಬಸ್ ಹತ್ತಿ ರಾಯಚೂರಿಗೆ ಹೋಗಿ, ಗುರುತಿನ ಮೊಬೈಲ್ ರಿಪೇರಿ ಅಂಗಡಿಯ ಸಾಬರಿಗೆ ಫೋನ್ ಕೊಟ್ಟೆ. ಅವರು ಪದ್ಯವನ್ನು ಪೂರ್ತಿ ಕೇಳಿದರು.

"ಬರಾಬರ್ ಅದ ಸರ, ಎಲ್ಲೂ ನಿಲ್ಲಂಗಿಲ್ಲ. ನಿಮಗ ನಿದ್ದಿ ಹತ್ತಿರಬೇಕು."

ನಿದ್ದೆ ಹತ್ತಿರಲಿಲ್ಲ. ಅಷ್ಟನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ.

ಆಮೇಲೆ ಆ ಪದ್ಯ ಒಮ್ಮೆಯೂ ನಿಂತಿಲ್ಲ. ಆದರೂ ನಾನು ಸಾಲು ಸಾಲಿಗೂ ಹೂಂ ಅನ್ನುತ್ತೇನೆ. ಅಂದು ಆ ಮುದುಕ ಕಾದದ್ದು ನೀಲಮ್ಮನ ಹೂಂಗೆ ಎಂದೇ ನನಗನಿಸುತ್ತದೆ. ನನ್ನದನ್ನು ಯಾಕೆ ಒಪ್ಪಿಕೊಂಡನೋ, ಇಂದಿಗೂ ತಿಳಿದಿಲ್ಲ.