ಕಿಟಕಿ ಪರದೆಯಿಂದ ಹೊಲಿದ ಬಿಯರ್ ಚೀಲ

ಇದನ್ನು ತಂಗಿಗೆ ಫೋನಿನಲ್ಲಿ ಹೇಳುವಾಗ ನಾನು ಧೀರೆಯಾಗಿದ್ದೆ. ಆಫೀಸಿನಲ್ಲಿ ಹೇಳುವಾಗ ಪೆದ್ದಿ. ಎರಡೂ ಸಲ ಕೇಳಿದವರು ನಕ್ಕರು, ಹಾಗಾಗಿ ಎರಡನ್ನೂ ನಂಬುವುದು ಬೇಡ. ಪಾತ್ರೆಯಿಂದ ಶುರುಮಾಡುತ್ತೇನೆ. ಅದರ ವಿಷಯದಲ್ಲಾದರೂ ನನಗೆ ಅನುಮಾನವಿಲ್ಲ.

ಬಿರಿಯಾನಿ ಮಾಡುವ ದೊಡ್ಡ ಸ್ಟೀಲ್ ಪಾತ್ರೆ. ಗಲ್ಫಿನ ಸಿಲಿಕಾನ್ ಓಯಸಿಸ್‌ನ ನಮ್ಮ ಫ್ಲ್ಯಾಟಿನ ಒಲೆಯ ಮೇಲೆ ಇಟ್ಟರೆ ಪಕ್ಕದಲ್ಲಿ ಚಹಾಕ್ಕೂ ಜಾಗವಿರುತ್ತಿರಲಿಲ್ಲ. ಬಿಯರ್ ಮಾಡಲು ಒಂದು ಸುಲಭದ ಕ್ರಮವಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ದೊಡ್ಡ ಬಟ್ಟೆಯ ಚೀಲಕ್ಕೆ ಹಾಕಿ, ಬಿಸಿನೀರಿನಲ್ಲಿ ನೆನೆಯಲು ಬಿಡುವುದು. ಚೀಲ ಎತ್ತಿದರೆ ಸಿಹಿನೀರು ಪಾತ್ರೆಯಲ್ಲಿ ಉಳಿಯುತ್ತದೆ. ಅದನ್ನು ಹಾಪ್ಸ್ ಎಂಬ ಕಹಿ ಹೂವಿನೊಂದಿಗೆ ಕುದಿಸಿ, ತಣಿಸಿ, ಯೀಸ್ಟ್ ಹಾಕಿ ಕಾಯುವುದು.

"ಅಂಗಡಿಯಲ್ಲಿ ಸಿಗ್ತದಲ್ಲ, ತಗೊಂಡು ಕುಡಿ" ಎಂದಿದ್ದ ಗಂಡ. ಜೆಬೆಲ್ ಅಲಿಯ ಗೋದಾಮಿನಲ್ಲಿ ಅವನು ಸೂಪರ್‌ವೈಸರ್. ನನ್ನ ವೀಸಾ ನಿಂತಿರುವುದು ಅವನ ಕೆಲಸದ ಮೇಲೆ. ಕೊಳ್ಳುವುದು ಬೇರೆ, ಕಾನೂನು ಮೀರಿ ಮನೆಯಲ್ಲಿ ಮಾಡುವುದು ಬೇರೆ, ಸಿಕ್ಕಿಬಿದ್ದರೆ ಇಬ್ಬರೂ ಊರಿಗೆ ಎಂಬುದು ನನಗೂ ತಿಳಿದಿತ್ತು. ಆದರೆ ಆ ಅಡುಗೆಮನೆಯಲ್ಲಿ ಬೇಯುತ್ತಿದ್ದದ್ದೆಲ್ಲ ಬೇರೆಯವರಿಗೆ ಬೇಕಾದದ್ದು. ನನಗೆ ಬೇಕಾದ ಒಂದಾದರೂ ಅಲ್ಲಿ ಬೇಯಬೇಕು. ಪಾತ್ರೆ ಉಳಿದರೆ ನನ್ನದೆಂಬ ಆ ಒಂದು ಉಳಿಯುತ್ತದೆ, ಹೋದರೆ ಅದೂ ಹೋಗುತ್ತದೆ. ನನ್ನ ಲೆಕ್ಕ ಇಷ್ಟೇ.

ಹಕ್ಕಿಗಳ ಆಹಾರ ಮಾರುವ ಅಂಗಡಿಯಿಂದ ಸಿಪ್ಪೆ ಇರುವ ಬಾರ್ಲಿ ತಂದು, ಹೆಸರುಕಾಳಿನಂತೆ ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಿ, ಬಾಲ್ಕನಿಯಲ್ಲಿ ಒಣಗಿಸಿದೆ. ಚೀಲಕ್ಕೆ ಹಾಲ್‌ನ ಕಿಟಕಿಯ ತೆಳು ಪರದೆ ಕತ್ತರಿಸಿದೆ. ನೀರು ಸೋಸಲು ಅದಕ್ಕಿಂತ ಒಳ್ಳೆಯ ಬಟ್ಟೆ ಮನೆಯಲ್ಲಿ ಇರಲಿಲ್ಲ. ಹೊಲಿಯುವಾಗ ಅತ್ತೆ ಬಂದು ನಿಂತರು. ಅವರನ್ನು ನಾನು ಮಾಂಯ್ ಎನ್ನುತ್ತೇನೆ. ಮಂಗಳೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು.

"ಇಷ್ಟು ದೊಡ್ಡ ಚೀಲ ಎಂತಕ್ಕೆ? ಹಂದಿ ತುಂಬ್ಸಲಿಕ್ಕಾ?"

"ಬಿಯರಿಗೆ, ಮಾಂಯ್."

"ಹೆಂಗಸರು ಮಾಡುವ ಕೆಲಸವಾ ಅದು?"

ಅವರ ಹಿಂದೆ, ಅಕ್ಕಿ ಚೀಲದ ಮರೆಯಲ್ಲಿ, ಅವರದೇ ಭರಣಿ ಇತ್ತು. ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಯೀಸ್ಟ್. ಕ್ರಿಸ್ಮಸ್ ವೈನ್. ಅವರು ಬಂದ ವರ್ಷಗಳಲ್ಲೆಲ್ಲ ಚರ್ಚಿನ ಪೂಜೆ ಮುಗಿಸಿ ಬಂದವರು ಅದನ್ನು ಪುಟ್ಟ ಗ್ಲಾಸಿನಲ್ಲಿ ಹೀರಿ ಹೊಗಳುತ್ತಿದ್ದರು. ಅದನ್ನು ಯಾರೂ ಮದ್ಯ ಎಂದದ್ದಿಲ್ಲ.

ಆ ಶನಿವಾರ ಗಂಡ ಕೆಲಸಕ್ಕೆ ಹೋಗಿದ್ದ. ಚೀಲ ತಳಹತ್ತದಂತೆ ಪಾತ್ರೆಯ ತಳದಲ್ಲಿ ಇಡ್ಲಿಯಂಥ ಸಾನ್ನಾ ಬೇಯಿಸುವ ತೂತಿನ ತಟ್ಟೆ ಇಟ್ಟೆ. ಬಾರ್ಲಿಯನ್ನು ಒಡೆಯಬೇಕು, ಹಿಟ್ಟು ಮಾಡಬಾರದು ಎಂದು ಓದಿದ್ದೆ. ಆದರೆ ಮಿಕ್ಸಿಯ ಮುಂದೆ ನಿಂತರೆ ನಮ್ಮ ಕೈಗೆ ತಿಳಿದಿರುವುದು ಒಂದೇ: ನುಣ್ಣಗೆ. ಸಾನ್ನಾಕ್ಕೆ ಅಕ್ಕಿ, ಮೀನಿಗೆ ಮಸಾಲೆ, ಎಲ್ಲವೂ ನುಣ್ಣಗೆ. ಬೆರಳಿಗೆ ತರಿ ಸಿಕ್ಕಿತೆಂದು ಇನ್ನೊಂದು ಸುತ್ತು ತಿರುಗಿಸಿದೆ.

ಬಿಸಿನೀರಿನಲ್ಲಿ ನೆನೆದ ಚೀಲ ಎತ್ತಿದಾಗ ಒಂದು ಹನಿಯೂ ಇಳಿಯಲಿಲ್ಲ. ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಕಟ್ಟಿದೆ. ಸ್ಟ್ಯಾಂಡ್ ಬಾಗಿತು. ಹಿಂಡಿದರೆ ಬೆರಳುಗಳ ಸಂದಿಯಿಂದ ಅಂಟು ಬಂತು.

ಮಾಂಯ್ ಬಗ್ಗಿ ನೋಡಿದರು. "ಬಿಯರಾ ಇದು? ಗಂಜಿ ಮಾರಾಯ್ತಿ. ಉಪ್ಪಿನಕಾಯಿ ತರ್ಲಾ?"

ಅಷ್ಟರಲ್ಲಿ ಗಂಡ ಕಂಪನಿ ಬಸ್ಸಿನಿಂದ ಇಳಿದು ಬಂದ. "ಪರ್ದೆ ಎಲ್ಲಿ?"

ತೂಗುತ್ತಿದ್ದ ಚೀಲ ತೋರಿಸಿದೆ.

"ವಾಸನೆ ಲಿಫ್ಟಿನವರೆಗೆ ಬರ್ತಾ ಉಂಟು. ಯಾರಾದ್ರೂ ಒಂದು ಫೋನ್ ಮಾಡಿದ್ರೆ ವೀಸಾ ಖಲಾಸ್. ಚೆಲ್ಲು, ಯಲ್ಲಾ, ಬೇಗ! ಆ ಪಾತ್ರೆ ಸಹ ಇನ್ನು ಇಲ್ಲಿ ಬೇಡ."

"ಆಯ್ತು. ಮೊದಲು ಭರಣಿ."

"ಯಾವ ಭರಣಿ?"

"ಅಕ್ಕಿ ಚೀಲದ ಹಿಂದಿನದ್ದು."

"ಅದು ಕ್ರಿಸ್ಮಸ್‌ದು!"

"ಪೊಲೀಸರು ಬಂದ್ರೆ ಕ್ಯಾರಲ್ ಹಾಡ್ತೀಯಾ? ಎರಡೂ ಇರ್ಲಿ, ಇಲ್ಲ ಎರಡೂ ಹೋಗ್ಲಿ."

ನಾನು ಭರಣಿಯನ್ನು ಎಳೆದು ಸಿಂಕಿನ ಹತ್ತಿರ ತಂದೆ. ಹೆದರಿಸಲು ಅಲ್ಲ, ಚೆಲ್ಲುವುದಕ್ಕೇ ತಂದಿದ್ದೆ. ಮಾಂಯ್ ಅದರ ಬಾಯಿಗೆ ಎರಡೂ ಕೈ ಅಡ್ಡ ಇಟ್ಟರು.

"ಮುಟ್ಟಿ ನೋಡು!" ಎಂದು ನನಗೆ ಗದರಿ, ಮಗನ ಕಡೆ ತಿರುಗಿದರು. "ಪ್ರತಿ ಸಲ ಎರಡನೇ ಗ್ಲಾಸ್ ಕೇಳುವವ ನೀನು. ಆಗ ವೀಸಾ ನೆನಪಿರಲಿಲ್ವಾ? ಇವಳದ್ದು ಹೋದ್ರೆ ನನ್ನದು ಸಹ ಹೋಗ್ತದೆ. ಸುಮ್ನೆ ಹೋಗಿ ಮುಖ ತೊಳಿ."

ಅವರು ನಿಂತದ್ದು ಭರಣಿಯ ಪರವಾಗಿ, ನನ್ನ ಪರವಾಗಿ ಅಲ್ಲ. ತಂಗಿಗೆ ಹೇಳುವಾಗ ಇದನ್ನು ತಿದ್ದಿದ್ದೆ. ಅತ್ತೆ ಸೊಸೆ ಒಂದಾದ ಕಥೆ ಕೇಳಲು ಹಿತ. ನಿಜದಲ್ಲಿ ಅವರು ನನ್ನೊಡನೆ ವಾರವಿಡೀ ಮಾತಾಡಲಿಲ್ಲ.

ಗಂಜಿಯನ್ನು ನಾನೇ ಕಸಕ್ಕೆ ಹಾಕಿ ಚೀಲ ತೊಳೆದೆ. ಮುಂದಿನ ಶನಿವಾರ ಗಂಡನಿಗೆ ರಜೆ. ಅವನ ಎದುರಿಗೇ ಕೂತು ಹೊಸದಾಗಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಲಟ್ಟಣಿಗೆಯಿಂದ ತರಿತರಿಯಾಗಿ ಒಡೆದೆ. ಈ ಸಲ ಚೀಲ ಎತ್ತಿದಾಗ ಕಂದು ನೀರು ಧಾರೆಯಾಗಿ ಇಳಿಯಿತು. ಗಂಡ ಎದ್ದು, ಟವೆಲ್ ಒದ್ದೆ ಮಾಡಿ, ಹೊರಬಾಗಿಲಿನ ಕೆಳಗಿನ ಸಂದಿಗೆ ತುರುಕಿದ.

"ಇದು ಒಪ್ಪಿಗೆ ಅಲ್ಲ" ಎಂದ.

"ನಾನು ಒಪ್ಪಿಗೆ ಕೇಳಲೂ ಇಲ್ಲ" ಎಂದು, ಕುದಿಯುವ ಪಾತ್ರೆಗೆ ಹಾಪ್ಸ್ ಸುರಿದೆ.